ಉಪ್ಪುಕೆರೆಯ ಕಲ್ಲು

ಶಿವಪುತ್ರಪ್ಪನ ಕೈ ತಾಗಿರಲಿಲ್ಲ. ಏರಿಸಲು ಹೋದ ಬಿಲ್ವಪತ್ರೆಯ ತೊಟ್ಟು ಮಾತ್ರ ತಾಗಿತ್ತು. ಅಷ್ಟಕ್ಕೇ ಕಲ್ಲು ಹಿತ್ತಾಳೆಯ ಪೀಠದೊಳಗೆ ಅಲ್ಲಾಡಿ, ಹೊರಳಿ, ಅಡುಗೆಮನೆಯ ದೇವರ ಜಗಲಿಯ ಅಂಚಿಗೆ ಬಡಿದು ಕೆಳಗೆ ಬಿತ್ತು. ದೊಡ್ಡ ಸದ್ದೇನಲ್ಲ. ಆದರೂ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶರಣವ್ವನ ಕೈ ನಿಂತಿತು.

"ಏನ್ ಬಿತ್ತರೀ?"

ಅವನು ಮಣೆಯಿಂದ ಇಳಿದು ಮೊಣಕಾಲೂರಿ ಕಲ್ಲನ್ನು ಎತ್ತಿಕೊಂಡ. ಒಂದು ಮೂಲೆ ಹಾರಿತ್ತು. ಹಾರಿದ ಚೂರು ಗ್ಯಾಸ್ ಸಿಲಿಂಡರಿನ ಬುಡದಲ್ಲಿ, ಬೆಲ್ಲದ ಹರಳಿನಷ್ಟು, ಬಿದ್ದಿತ್ತು. ಶರಣವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ದೇವರು ಮುಕ್ಕಾತು," ಎಂದಳು. "ನಾಳೆ ಸಂಕ್ರಾಂತಿ, ಇವತ್ತ ದೇವರು ಮುಕ್ಕಾತು."

ಕಲ್ಲನ್ನು ಮನೆಗೆ ತಂದವನು ಸೋಮನಾಥ, ಅವರ ಒಬ್ಬನೇ ಮಗ. ಹೋದ ದೀಪಾವಳಿಗೂ ಹಿಂದಿನ ದೀಪಾವಳಿಗೆ ತಂದಿದ್ದ. ಪಂಪು ಕೂಡಿಸುವ ಕಂಪನಿಯ ಕೆಲಸ ಅವನದು. ರಾಜಸ್ಥಾನದ ಒಣಗಿದ ಒಂದು ಉಪ್ಪುಕೆರೆಯ ದಂಡೆಗೆ ಹೋದವನು ಮುಷ್ಟಿಯಷ್ಟು ದೊಡ್ಡ, ಗಾಜಿನಂಥ ಈ ಹರಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಿಡಿದುಕೊಂಡು ಚೆಂಬೂರಿನ ಮನೆಗೆ ಬಂದಿದ್ದ. "ಅಪ್ಪಾ, ಲ್ಯಾಬ್ ಬಿಟ್ಟ ಮ್ಯಾಲ ಬ್ಯಾಸರ ಬ್ಯಾಸರ ಅಂತೀರಲ್ಲ. ಇದು ಏನಂತ ಹೇಳ್ರಿ ನೋಡೂಣು," ಎಂದಿದ್ದ. "ಸ್ಫಟಿಕ ಅಲ್ಲೇನೋ?" ಎಂದು ಕಾರ್ಖಾನೆಯ ಲ್ಯಾಬಿನಿಂದ ನಿವೃತ್ತನಾಗಿದ್ದ ಶಿವಪುತ್ರಪ್ಪ ಪತ್ರಿಕೆಯಿಂದ ತಲೆ ಎತ್ತದೆ ಕೇಳಿದ್ದ. "ಹೌದೋ ಅಲ್ಲೋ, ನೀವ ಹೇಳಬೇಕು," ಎಂದು ಮಗ ನಕ್ಕಿದ್ದ. ಡಬ್ಬಿ ಶೋಕೇಸಿಗೆ ಹೋಯಿತು. ಕಳೆದ ಮಳೆಗಾಲದಲ್ಲಿ ಡೆಂಗೀ ಜ್ವರ ಬಂದು ಸೋಮನಾಥ ತೀರಿಕೊಂಡ. ಅವನಿಲ್ಲದ ಮೊದಲ ದೀಪಾವಳಿಯ ದಿನ ಶರಣವ್ವ ಡಬ್ಬಿ ತೆರೆದು, ಕಲ್ಲನ್ನು ಹೊರಗೆ ತೆಗೆದು, ಅದರ ಜೊತೆಗಿದ್ದ ಸಣ್ಣ ಚೀಲಗಳನ್ನು ಬೂಟಿನ ಡಬ್ಬಿಯಲ್ಲಿ ಬರುವಂಥವಿರಬೇಕೆಂದು ಕಸಕ್ಕೆ ಹಾಕಿದಳು. "ಕೂಸು ತಂದ ಸ್ಫಟಿಕ. ಶೋಕೇಸಿನ್ಯಾಗ ಯಾಕ ಇರಬೇಕು," ಎಂದು ಜಗಲಿಯ ಮೇಲೆ ಇಟ್ಟಳು.

ಅಂದಿನಿಂದ ಶಿವಪುತ್ರಪ್ಪ ಕೊರಳಿನ ಇಷ್ಟಲಿಂಗದ ಪೂಜೆ ಮುಗಿಸಿದ ಮೇಲೆ ಈ ಕಲ್ಲನ್ನು ಕಂಚಿನ ಬಟ್ಟಲಿನ ನೀರಿನಲ್ಲಿ ಬಿಲ್ವಪತ್ರೆಯ ಜೊತೆ ಕೂಡಿಸಿ, ರುದ್ರಾಕ್ಷಿ ಎಣಿಸಿ, ಜಪ ಮುಗಿದ ಮೇಲೆ ಒರೆಸಿ ಪೀಠಕ್ಕೆ ಏರಿಸುತ್ತಿದ್ದ. ಆ ನೀರನ್ನು ಗಂಡ ಹೆಂಡಿರು ಪಾದೋದಕವೆಂದು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು. ಮಗ ಹೋದ ಮನೆಯಲ್ಲಿ ದಿನ ಶುರುವಾಗಲು ಏನಾದರೊಂದು ಬೇಕಿತ್ತು. ಅದು ಶುರುವಾಗುತ್ತಿದ್ದದ್ದು ಹೀಗೆ. ನಡುವೆ ಪೀಠ ಸಡಿಲಾಯಿತೆನಿಸಿ ಅವನು ಅದರ ಒಳಗೆ ನೂಲು ಸುತ್ತಿದ್ದ. ಮತ್ತೊಮ್ಮೆ ಸುತ್ತಿದ್ದ. ಹಿತ್ತಾಳೆ ಸಡಿಲಾಗುವುದು ಹೇಗೆ ಎಂದು ಕೇಳಿಕೊಂಡಿರಲಿಲ್ಲ. ದೇವರ ಮುಂದೆ ಕೂತವನಿಗೆ ಅಂಥ ಪ್ರಶ್ನೆ ಏಳುವುದಿಲ್ಲ.

ಈಗ ಅಂಗೈಯಲ್ಲಿ ಕಲ್ಲನ್ನು ಹಿಡಿದಾಗ ಪ್ರಶ್ನೆ ತಾನಾಗಿ ಎದ್ದಿತು. ಮುಷ್ಟಿಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗಿತ್ತು.

ಸೊಸೆ ಮಾಧುರಿ ಡಬ್ಬಿಗೆ ಊಟ ತುಂಬಿಕೊಳ್ಳಲು ಒಳಗೆ ಬಂದಳು. ಮರಾಠಿ ಮನೆಯ ಹುಡುಗಿ. ಗಂಡನಿಂದ ಕಲಿತ ಕನ್ನಡ ಅವಳದು. ಪವಾಯಿಯ ಎಂಜಿನಿಯರಿಂಗ್ ಸಂಸ್ಥೆಯ ಎಕ್ಸ್-ರೇ ಪ್ರಯೋಗಾಲಯದಲ್ಲಿ ಕೆಲಸ. ಮಾವ ಚಹಾದ ಗಾಜಿನ ಲೋಟಕ್ಕೆ ಏನನ್ನೋ ಉಜ್ಜುತ್ತಿರುವುದನ್ನು ಕಂಡು ನಿಂತಳು.

"ಬಾಬಾ, ಕಾಯ್ ಕರತಾಯ್? ಏನ್ ಮಾಡಾಕತ್ತೀರಿ?"

"ಸ್ಫಟಿಕ ಇದ್ದರ ಗಾಜಿಗೆ ಗೀರು ಬೀಳಬೇಕವಾ." ಅವನು ಚೂರನ್ನು ಒತ್ತಿ ಎಳೆದ. ಲೋಟದ ಮೇಲೆ ಗೀರು ಬೀಳಲಿಲ್ಲ. ಬದಲಿಗೆ ಚೂರಿನ ಮೂಲೆಯೇ ಸವೆದು ಬಿಳಿಯಾಯಿತು. ಜಗಲಿಯ ಮೇಲಿದ್ದ ಹಳೆಯ ತಾಮ್ರದ ಬಿಲ್ಲೆಯನ್ನು ತಂದು ಚೂರಿನ ಮೇಲೆ ಎಳೆದ. ಸಲೀಸಾಗಿ ಗೀರು ಬಿತ್ತು. "ಸ್ಫಟಿಕ ಅಲ್ಲ ಇದು. ಸ್ಫಟಿಕದ ಕುಲದಾಗಿಂದೂ ಅಲ್ಲ."

"ದೇವರಿಗೆ ಗೀರತೀರೇನ್ರೀ?" ಎಂದಳು ಶರಣವ್ವ.

"ಚೂರಿಗೆ."

"ಚೂರಂದರ ದೇವರಲ್ಲೇನು? ರೊಟ್ಟಿ ಮುರದರ ರೊಟ್ಟಿ ಅಲ್ಲೇನು?"

ಅವನು ನಿಂಬೆಹಣ್ಣು ಕೊಯ್ದು ಒಂದು ಹನಿ ಹಿಂಡಿದ. ನೊರೆ ಬರಲಿಲ್ಲ. ಹಾಗಾದರೆ ಸುಣ್ಣದ ಕಲ್ಲೂ ಅಲ್ಲ. ಲ್ಯಾಬಿನಲ್ಲಿ ಕಳೆದ ವರ್ಷಗಳಲ್ಲಿ ಬೆರಳು ಹೇಗೆ ತಾನಾಗಿ ಮುಂದಿನ ಸೀಸೆಯ ಕಡೆ ಹೋಗುತ್ತಿತ್ತೋ, ಹಾಗೇ ಈಗ ಅಡುಗೆಮನೆಯ ಕಟ್ಟೆಯ ಮೇಲೆ ಓಡಾಡಿತು.

"ನೋಡ್ರಿ," ಎಂದು ಶರಣವ್ವ ಹಿಟ್ಟಿನ ಕೈ ತೊಳೆದು ಬಂದು ನಿಂತಳು. "ಮುಕ್ಕಾದ ದೇವರನ್ನ ಮನ್ಯಾಗ ಇಟ್ಟಕೋಬಾರದು. ನಮ್ಮ ತವರಮನ್ಯಾಗ ಇದ್ದರ ಕೃಷ್ಣಾ ಹೊಳಿಗೆ ಬಿಡತಿದ್ದರು. ಇಲ್ಲಿ ಸಮುದ್ರ ಐತಿ. ನಾಳೆ ಸಂಕ್ರಾಂತಿ ಸ್ನಾನ ಆದ ಮ್ಯಾಲ ಬಿಟ್ಟ ಬರೂಣು."

"ಏನಂತ ತಿಳಿಯದ ಹ್ಯಾಂಗ ಬಿಡೂದು? ಸೋಮ್ಯಾ ಕೇಳಿ ಹೋಗ್ಯಾನ."

ಮಾಧುರಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಮೆಲ್ಲಗೆ ಹೇಳಿದಳು: "ಬಾಬಾ, ಸೋಮ ನನ್ನ ಕಡೆ ವಚನ ತಗೊಂಡಿದ್ದ. ಬಾಬಾ ಹೇಳೂತನಾ ನೀ ಇದನ್ನ ಮಷೀನಿಗೆ ಹಾಕಬಾರದು ಅಂತ. ಒಂದು ತಾಸಿನ ಕೆಲಸ. ಖರಂ ಸಾಂಗತೆ, ಖರೇ ಹೇಳತೀನಿ, ಎಷ್ಟೋ ಸಲ ಮನಸ್ಸಾತು. ಹಾಕಲಿಲ್ಲ."

ಶಿವಪುತ್ರಪ್ಪ ಅವಳನ್ನೇ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. "ನಾಳೆ ಬಿಡೂಣು," ಎಂದ. "ಇವತ್ತೊಂದು ದಿನ ನಂಗ ಕೊಡು."

"ಚೂರು ಒಯ್ರಿ. ದೇವರು ಮನ್ಯಾಗ ಇರಲಿ," ಎಂದಳು ಶರಣವ್ವ.

ಮಾವ ಸೊಸೆ ಇಬ್ಬರೂ ಪ್ರಯೋಗಾಲಯಕ್ಕೆಂದು ಹೊರಬೀಳುವಾಗ ಎದುರು ಮನೆಯ ಚಂಪಾಬಾಯಿ ಸ್ಟೀಲಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದಿನವೂ ಒಂದು ಗುಟುಕು ತೀರ್ಥಕ್ಕೆ ಬರುವವಳು. "ಇವತ್ತ ತೀರ್ಥ ಇಲ್ಲ," ಎಂದ ಶಿವಪುತ್ರಪ್ಪ.

"ಅರೇ ದೇವಾ," ಎಂದು ಚಂಪಾಬಾಯಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಮಾಝಂ ಪೋಟ ಕಸಂ ಸಾಫ್ ಹೋಣಾರ್?"

ತೀರ್ಥವಿಲ್ಲದೆ ತನ್ನ ಹೊಟ್ಟೆ ಸಾಫಾಗುವುದು ಹೇಗೆ ಎಂಬುದು ಅವಳ ಚಿಂತೆ. ಶಿವಪುತ್ರಪ್ಪನಿಗೆ ನಗು ಬರಲಿಲ್ಲ. ಅವನ ಮನಸ್ಸು ಬೇರೆಲ್ಲೋ ಇತ್ತು.

ರಿಕ್ಷಾ ಹೆದ್ದಾರಿಗೆ ಬಂದು ವಿಕ್ರೋಳಿಯ ಕಡೆ ಓಡಿತು. ಬದಿಯ ಕಾರ್ಖಾನೆಯ ಗೋಡೆ ಬಂದಾಗ ಗಾಳಿಯಲ್ಲಿ ಸಾಬೂನಿನ ವಾಸನೆ ತೇಲಿ ಬಂತು. ಇದೇ ಭಾಗದ ಒಂದು ಬಟ್ಟೆ ತೊಳೆಯುವ ಪುಡಿಯ ಕಾರ್ಖಾನೆಯ ಲ್ಯಾಬಿನಲ್ಲಿ ಅವನ ಆಯುಷ್ಯ ಸವೆದಿತ್ತು. ಕಣ್ಣು ಮುಚ್ಚಿದರೆ ಗೋದಾಮಿನಲ್ಲಿ ಸಾಲಾಗಿ ಒಟ್ಟಿದ ಬಿಳಿಯ ಚೀಲಗಳು ಕಾಣುತ್ತಿದ್ದವು. ಪುಡಿಗೆ ತೂಕ ಬರಲೆಂದು, ಉದುರುದುರಾಗಿರಲೆಂದು ಬೆರೆಸುವ ಅಗ್ಗದ ಲವಣ. ಮಳೆಗಾಲ ಬಂದರೆ ಆ ಚೀಲಗಳು ತೇವ ಹೀರಿ ಕಲ್ಲಾಗುತ್ತಿದ್ದವು. ಕೂಲಿಯವರು ಸುತ್ತಿಗೆಯಿಂದ ಒಡೆಯುತ್ತಿದ್ದರು. ಹೊಸದಾಗಿ ಸೇರಿದವರಿಗೆ ಹಿರಿಯ ಕೆಮಿಸ್ಟರು ಹೇಳುತ್ತಿದ್ದ ಒಂದು ಮಾತಿತ್ತು: ಬಾಯಿಗೆ ಹಾಕಬೇಡ, ನಾಳೆ ರಜೆ ಹಾಕಬೇಕಾಗುತ್ತದೆ, ಹಿಂದಿನ ಕಾಲದ ಡಾಕ್ಟರರು ಇದನ್ನು ಜುಲಾಬಿಗೆ ಕೊಡುತ್ತಿದ್ದರು.

ಶಿವಪುತ್ರಪ್ಪ ಕಣ್ಣು ತೆರೆದ.

ಚಂಪಾಬಾಯಿಯ ಹೊಟ್ಟೆ. ತನ್ನದೂ ಕೂಡ, ಯಾವ ಚೂರ್ಣಕ್ಕೂ ಜಗ್ಗದಿದ್ದದ್ದು ದೀಪಾವಳಿಯಿಂದ ಈಚೆಗೆ ಗಡಿಯಾರದಂತೆ ನಡೆಯುತ್ತಿತ್ತು. ದೇವರ ದಯೆ ಎಂದು ಶರಣವ್ವ ನೆರೆಹೊರೆಗೆಲ್ಲ ಹೇಳಿದ್ದಳು. ಸಡಿಲಾದ ಪೀಠ. ಉಪ್ಪುಕೆರೆ. ಬಿಗಿ ಮುಚ್ಚಳದ ಡಬ್ಬಿ. ಅದರೊಳಗಿನ ಸಣ್ಣ ಚೀಲಗಳು ಬೂಟಿನವಲ್ಲ, ತೇವ ಹೀರಲೆಂದು ಮಗ ಇಟ್ಟವು.

ಅವನು ಜೇಬಿನಿಂದ ಚೂರನ್ನು ತೆಗೆದು, ಒಂದು ಕ್ಷಣ ಹಣೆಗೆ ಒತ್ತಿಕೊಂಡು, ನಾಲಗೆಯ ತುದಿಗೆ ತಾಗಿಸಿದ. ಮೊದಲು ತಂಪು. ಆಮೇಲೆ ತುಸು ಉಪ್ಪು. ಕೊನೆಗೆ, ಪಾದೋದಕದಲ್ಲಿ ಬಿಲ್ವಪತ್ರೆಯದೆಂದು ಇಷ್ಟು ದಿನ ತಿಳಿದಿದ್ದ ಆ ಕಹಿ.

"ಬಾಬಾ?" ಎಂದಳು ಮಾಧುರಿ.

"ನಾವು ಬಿಲ್ಡಿಂಗಿಗೆಲ್ಲ ಜುಲಾಬು ಕುಡಿಸೇವಿ ಮಾಧುರಿ," ಎಂದ. ಹೇಳುತ್ತಲೇ ಹೊಟ್ಟೆಯೊಳಗಿನಿಂದ ನಗು ಎದ್ದು ಬಂತು. ತಡೆಯಲು ಹೋದಷ್ಟೂ ಹೆಚ್ಚಾಯಿತು. ಮಾಧುರಿಗೆ ಅರ್ಥವಾದ ಮೇಲೆ ಅವಳೂ ಓಢಣಿಯನ್ನು ಬಾಯಿಗೆ ಒತ್ತಿ ನಕ್ಕಳು. ರಿಕ್ಷಾದವನು ಕನ್ನಡಿಯಲ್ಲಿ ನೋಡಿದ. ಮಗ ಹೋದ ಮೇಲೆ ತಾನು ನಕ್ಕದ್ದು ಇದೇ ಮೊದಲು ಎಂದು ಶಿವಪುತ್ರಪ್ಪನಿಗೆ ಹೊಳೆದು ನಗು ಗಕ್ಕನೆ ನಿಂತಿತು. ಮಾಧುರಿಯೂ ನಿಲ್ಲಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ತಪ್ಪು ಮಾಡಿದವರಂತೆ ಹೊರಗೆ ನೋಡುತ್ತ ಕೂತರು.

ಪ್ರಯೋಗಾಲಯದಲ್ಲಿ ಮಾಧುರಿ ತನ್ನ ಮೇಲಿನವರ ಒಪ್ಪಿಗೆ ಕೇಳಿ ಬಂದು, ಮೂಲೆಯ ಕಟ್ಟೆಯನ್ನು ಮಾವನಿಗೆ ಬಿಟ್ಟುಕೊಟ್ಟಳು. ಬಿಳಿಯ ಕೋಟು ಕೊಟ್ಟಳು. ಅದು ಅಗಲವಾಗಿ, ತೋಳು ಉದ್ದವಾಗಿ ಇತ್ತು. ಅವನು ತೋಳು ಮಡಚಿಕೊಂಡ.

"ಯಂತ್ರ ಹೇಳೂಕಿಂತ ಮೊದಲ ನಾ ಹೇಳಬೇಕು," ಎಂದ. "ಅಂವ ಕೇಳಿದ್ದು ನನ್ನ."

"ಹಾಂ ಬಾಬಾ. ನಾ ಮಷೀನಿನ ಪರದಾ ಮುಚ್ಚಿ ಇಡತೀನಿ."

ಚೂರಿನ ಅರ್ಧವನ್ನು ಅಗೇಟು ಕಲ್ಲಿನ ಪುಟ್ಟ ಖಲಬತ್ತಿನಲ್ಲಿ ಅವನೇ ಅರೆದ. ಅರೆಯುವಷ್ಟು ಹೊತ್ತೂ ತುಟಿ ಪಂಚಾಕ್ಷರಿ ನುಡಿಯುತ್ತಿತ್ತು. ಮಾಧುರಿ ಆ ಪುಡಿಯನ್ನು ಯಂತ್ರಕ್ಕೆ ಏರಿಸಿದಳು. ಉಳಿದರ್ಧ ಅವನ ಪಾಲಿಗೆ ಬಂತು.

ಒಂದು ಕಣವನ್ನು ಒಣ ಪ್ರನಾಳದಲ್ಲಿ ಕಾಯಿಸಿದ. ಒಳಗೆ ನೀರಿದ್ದರೆ ಪ್ರನಾಳದ ತಂಪು ಭಾಗದಲ್ಲಿ ಹನಿ ಕೂಡಬೇಕು. ಕೂಡಲಿಲ್ಲ. ಒಂದನ್ನು ತಂತಿಯ ತುದಿಯಲ್ಲಿ ಹಿಡಿದು ಉರಿಗೆ ಒಡ್ಡಿದ. ಉರಿ ಅರಿಸಿನದಂತೆ ಹಳದಿಯಾಯಿತು, ಸೋಡಿಯಂ. ಉಳಿದದ್ದನ್ನು ನೀರಿಗೆ ಹಾಕಿದ. ಕಣ್ಣೆದುರಿಗೇ ಅಂಚು ಕರಗಿತು, ಆಮೇಲೆ ನಡು, ಆಮೇಲೆ ಏನೂ ಇಲ್ಲ. ತಳದಲ್ಲಿ ಗಸಿಯೂ ಉಳಿಯಲಿಲ್ಲ. ಜುಲಾಬಿನ ಇನ್ನೊಂದು ಲವಣವಿದೆ, ಮೆಗ್ನೀಸಿಯಂದು. ಅದಾಗಿದ್ದರೆ ತೊಳೆಯುವ ಸೋಡಾ ಹಾಕಿದಾಗ ನೀರು ಹಾಲಾಗಬೇಕು. ಸೋಡಾ ಹಾಕಿದ. ನೀರು ನೀರಾಗಿಯೇ ಉಳಿಯಿತು.

ಕೊನೆಗೆ ಉಳಿದದ್ದು ಒಂದೇ ಪರೀಕ್ಷೆ, ಸಲ್ಫೇಟಿನದು. ಬೇರೆ ಪ್ರನಾಳದಲ್ಲಿ ಅದೇ ದ್ರಾವಣ ತೆಗೆದುಕೊಂಡು, ಒಂದು ತೊಟ್ಟು ಆಮ್ಲ ಹಾಕಿ, ಬೇರಿಯಂ ಕ್ಲೋರೈಡಿನ ಸೀಸೆಯ ಮುಚ್ಚಳ ತೆಗೆದ. ಸೀಸೆಯ ಮೇಲಿನ ಹೆಸರನ್ನು ಎರಡು ಸಲ ಓದಿಕೊಂಡ. ಕೆಲಸದಲ್ಲಿದ್ದಾಗ ಇದೇ ಪರೀಕ್ಷೆಯನ್ನು ಹರಟೆ ಹೊಡೆಯುತ್ತ ಮಾಡಿದವನು. ಹನಿ ಬಿತ್ತು. ಬಿದ್ದ ಜಾಗದಲ್ಲಿ ಬಿಳಿಯ ಮೋಡವೊಂದು ಎದ್ದು, ಹೊರಳಿ, ಮೆಲ್ಲಗೆ ತಳಕ್ಕೆ ಇಳಿಯಿತು. ಅಲ್ಲಾಡಿಸಿದರೂ ಹೋಗಲಿಲ್ಲ.

ಶಿವಪುತ್ರಪ್ಪ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನು ಮಾಧುರಿಯ ಕಡೆ ನೋಡಲಿಲ್ಲ.

"ಸೋಮ್ಯಾ," ಎಂದ. "ಸೋಡಿಯಂ ಸಲ್ಫೇಟ್. ನೀರಿನ ಅಂಶ ಇಲ್ಲದ್ದು. ಕೆರಿ ಒಣಗಿದಾಗ ಹರಳಾಗಿದ್ದು. ನಾ ಜೀವಮಾನಪೂರ್ತಿ ಚೀಲದಾಗ ನೋಡಿದ್ದು, ನೀ ತಂದು ಮುಂದ ಇಟ್ಟಾಗ ಗುರುತ ಹಿಡೀಲಿಲ್ಲ ನೋಡು."

ಮಾಧುರಿ ಪರದೆಯನ್ನು ತಿರುಗಿಸಿದಳು. ಚೂಪು ಚೂಪಾದ ಗೆರೆಗಳು ಬೆಟ್ಟದ ಸಾಲಿನಂತೆ ಎದ್ದು ನಿಂತಿದ್ದವು. ಅವುಗಳ ಕೆಳಗೆ ಯಂತ್ರ ತನಗೆ ಗೊತ್ತಿದ್ದ ಖನಿಜಗಳ ಗೆರೆಗಳನ್ನು ಒಂದೊಂದಾಗಿ ಇಟ್ಟು ಹೋಲಿಸುತ್ತ ಬಂದು, ಒಂದರ ಮೇಲೆ ನಿಂತಿತು. ಗೆರೆಗೆ ಗೆರೆ ಕೂಡಿತ್ತು. ಅವಳು ಹೆಸರನ್ನು ಓದಿದಳು: "ಥೆನಾರ್ಡೈಟ್." ಅದರ ಕೆಳಗಿನ ಸಾಲನ್ನೂ ಓದಿದಳು: "ಸೋಡಿಯಂ ಸಲ್ಫೇಟ್. ಒಣ ಕೆರೆಗಳ ಉಪ್ಪಿನ ಪದರಗಳಲ್ಲಿ ಸಿಗುತ್ತದೆ." "ಬರೋಬರ್ ಬಾಬಾ. ಪೂರಾ ಬರೋಬರ್."

"ಥೆನಾರ್ಡೈಟ್," ಎಂದು ಅವನು ಹೊಸ ಮಂತ್ರ ಕಲಿಯುವವನಂತೆ ಹೇಳಿಕೊಂಡ. "ಥೆನಾರ್ಡೈಟ್. ಫೋನ್ ಹಚ್ಚು. ನಿಮ್ಮ ಆಯಿಗೆ ಹೇಳಬೇಕು."

ಶರಣವ್ವ ಬಹಳ ಹೊತ್ತಿನ ಮೇಲೆ ಫೋನ್ ಎತ್ತಿದಳು.

"ಗೊತ್ತಾತು, ಕೇಳಿದೇನ? ಅದು ಉಪ್ಪಿನಂಥಾ ಲವಣ. ನೀರಾಗ ಕರಗತೈತಿ. ಅದಕ್ಕ ಪೀಠ ಸಡ್ಲ ಆಗಿದ್ದು. ಸಮುದ್ರಕ್ಕ ಬಿಡೂದು ಬ್ಯಾಡ, ಬಿಟ್ಟರ ಏನೂ ಉಳಿಯಂಗಿಲ್ಲ. ಒಣಾ ಇಟ್ಟರ ನಾವು ಹೋದ ಮ್ಯಾಲೂ ಇರತೈತಿ."

ಆ ಕಡೆ ತಾಮ್ರಕ್ಕೆ ಬಳೆ ಬಡಿದ ಸದ್ದು ಬಂತು.

"ಕೇಳಾಕತ್ತಿಯೇನ?"

"ಮುಕ್ಕಾದ ದೇವರನ್ನ ಒಣಾ ಇಡಬಾರದು ಅಂತಿದ್ದಳ್ರೀ ನಮ್ಮವ್ವ," ಎಂದಳು ಶರಣವ್ವ. ದನಿ ಸಣ್ಣದಾಗಿತ್ತು. "ಹೊಳಿಗೆ ಹೋಗೂತನಾ ನೀರಾಗ ಇಡಬೇಕು ಅಂತ. ನೀವು ಆಕಡೆ ಹೋದ ಕೂಡಲೇ ತಾಮ್ರದ ತಂಬಿಗ್ಯಾಗ ಇಟ್ಟೇನಿ."

ರಿಕ್ಷಾ ಸಿಕ್ಕಾಗಿನಿಂದ ವಿಕ್ರೋಳಿಯ ಸಿಗ್ನಲ್ಲು ದಾಟುವವರೆಗೂ ಶಿವಪುತ್ರಪ್ಪ ಶರೀರ ಮುಂದಕ್ಕೆ ಬಾಗಿಸಿಕೊಂಡೇ ಕೂತಿದ್ದ, ತಾನು ಬಾಗಿದರೆ ಗಾಡಿ ಬೇಗ ಹೋದೀತೆಂಬಂತೆ. ಅರ್ಧ ರಜೆ ಹಾಕಿ ಜೊತೆಗೆ ಹೊರಟ ಮಾಧುರಿ ಅತ್ತೆಗೆ ಮತ್ತೆ ಮತ್ತೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಲಿಫ್ಟಿಗೆ ಕಾಯದೆ ಅವನು ಮೆಟ್ಟಿಲು ಹತ್ತಿದ.

ಶರಣವ್ವ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ತಂಬಿಗೆ ತೊಡೆಯ ಮೇಲಿತ್ತು. ಕಣ್ಣು ಕೆಂಪಾಗಿದ್ದವು. "ಕೈ ಹಾಕಿ ಹುಡುಕಿದೆ," ಎಂದಳು. "ಏನೂ ಹತ್ತಲಿಲ್ಲ. ಅದನ್ನೂ ಕಳಕೊಂಡೆ ನಾ."

"ನೀರು?" ಎಂದ ಅವನು, ಏದುಸಿರು ಬಿಡುತ್ತ. "ನೀರು ಎಲ್ಲಿ ಚೆಲ್ಲಿದಿ?"

ಶರಣವ್ವ ತಲೆ ಎತ್ತಿ ಗಂಡನನ್ನು ನೋಡಿದಳು. ಅಳುವಿನ ನಡುವೆಯೂ ಅವಳಿಗೆ ಸಿಟ್ಟು ಬಂತು. "ಚೆಲ್ಲತಾರೇನ್ರೀ ಅದನ್ನ? ಏನಂತ ಮಾತಾಡತೀರಿ? ಚಂಪಾಬಾಯಿ ಬಟ್ಟಲ ಹಿಡಕೊಂಡ ಬಂದಿದ್ದಳು, ಆಕಿಗೂ ಕೊಡಲಿಲ್ಲ."

ಶಿವಪುತ್ರಪ್ಪ ಗೋಡೆಗೆ ಒರಗಿ ಅವಳ ಎದುರಿಗೆ ಕುಸಿದು ಕೂತ. ತಂಬಿಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡ. "ಹಂಗಾರ ಎಲ್ಲೂ ಹೋಗಿಲ್ಲ," ಎಂದ. "ಗುಂಜಿಯಷ್ಟೂ ಹೋಗಿಲ್ಲ. ಎಲ್ಲಾ ಇದರಾಗ ಐತಿ. ಏಳು. ಗ್ಯಾಸ್ ಹಚ್ಚು. ಅಗಲ ಸ್ಟೀಲಿನ ಪಾತೇಲಿ ಎಲ್ಲೈತಿ?"

ಹೆಂಡತಿ ಪಾತೇಲಿ ಕೊಟ್ಟಳು. ಸೊಸೆ ಪೂಜೆಯ ಮಡಿ ಧೋತರದ ತುದಿಯನ್ನು ಜರಡಿಯಂತೆ ಹಿಡಿದಳು. ಅವನು ನೀರನ್ನು ಸೋಸಿ, ಸಣ್ಣ ಉರಿಯಲ್ಲಿ ಇಟ್ಟು, ಅರ್ಧಕ್ಕೆ ಇಳಿಯುವವರೆಗೆ ಒಲೆಯ ಮುಂದಿನಿಂದ ಕದಲಲಿಲ್ಲ. ಹಿಂದೆ ನಿಂತಿದ್ದ ಶರಣವ್ವ ಕೇಳಿದಳು:

"ಹೊಳ್ಳಿ ಬರತೈತೇನ್ರೀ?"

"ಬರತೈತಿ. ಆದರ ಮೊದಲಿನಂಗ ಅಲ್ಲ. ತಂಪಿನ್ಯಾಗ ಬರೂದು ನೀರು ಕೂಡಿಸಿಕೊಂಡ ಬರತೈತಿ. ಬ್ಯಾರೆ ಹರಳು."

"ಬ್ಯಾರೆ ಆದರ ಆಗಲಿ," ಎಂದಳು ಶರಣವ್ವ.

ಇಳಿಸಿದ ನೀರನ್ನು ಅಗಲವಾದ ಪರಾತಿಗೆ ಸುರಿದು, ಗಾಳಿಯಾಡುವ ಕಿಟಕಿಯ ಕಟ್ಟೆಯ ಮೇಲೆ, ಸೋಮನಾಥನ ಪಟದ ಪಕ್ಕದಲ್ಲಿ ಇಟ್ಟರು. ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿದರು. ಯಾರೂ ಅಲ್ಲಾಡಿಸಬಾರದು ಎಂದು ಶಿವಪುತ್ರಪ್ಪ ಹೇಳಿದ. ಆದರೆ ಬಟ್ಟೆ ಎತ್ತಿ ಎತ್ತಿ ನೋಡುತ್ತಿದ್ದವನು ಅವನೇ. ಕಡೆಗೆ ಶರಣವ್ವ, "ಹೆಪ್ಪ ಹಾಕಿದ ಹಾಲಿನ ಪಾತ್ರಿ ಹಂಗ ನೋಡಿದರ ಮೊಸರಾಗತೈತೇನು?" ಎಂದು ಬೈದು ಅವನನ್ನು ಅಲ್ಲಿಂದ ಎಬ್ಬಿಸಿದಳು.

ಸಂಕ್ರಾಂತಿಯ ಬೆಳಗು ಚೆಂಬೂರಿಗೆ ಅಪರೂಪವಾದ ಚಳಿ ಹಿಡಿದುಕೊಂಡು ಬಂತು. ಸ್ನಾನ ಮುಗಿಸಿ ಮೂವರೂ ಕಿಟಕಿಯ ಬಳಿ ನಿಂತರು. ಮಾಧುರಿ ಬಟ್ಟೆಯನ್ನು ತೆಗೆದಳು.

ಪರಾತಿನ ಅಂಚಿನಿಂದ ನಡುವಿನವರೆಗೆ ಹರಳುಗಳು ಬೆಳೆದಿದ್ದವು. ಉದ್ದನೆಯ, ನೀರಿನಷ್ಟೇ ತಿಳಿಯಾದ ಕಡ್ಡಿಗಳು, ಒಂದರ ಮೇಲೊಂದು ಓರೆಯಾಗಿ. ಬಿಸಿಲು ಬಿದ್ದಾಗ ಅಡುಗೆಮನೆಯ ಗೋಡೆಯ ಮೇಲೆಲ್ಲ ಬೆಳಕು ಚೆಲ್ಲಿತು. ಶರಣವ್ವ ತನ್ನ ಉಸಿರು ತಾಗದಿರಲೆಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬಗ್ಗಿ ನೋಡಿದಳು.

"ಇದಕ್ಕೇನು ಹೆಸರ್ರೀ?"

"ಇದಕ್ಕ ಬ್ಯಾರೆ ಹೆಸರು ಇರಬೇಕು. ಮಾಧುರಿ, ನೀ ಮಷೀನಿಗೆ ಕೇಳಬ್ಯಾಡ. ನಾನ ಹುಡುಕತೇನಿ," ಎಂದ ಶಿವಪುತ್ರಪ್ಪ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಒಣಗಿತು. ಕೆಳಗೆ ಕಾಲೊನಿಯ ಹುಡುಗರು ಗಾಳಿಪಟ ಹಾರಿಸುತ್ತ ಕೂಗುತ್ತಿದ್ದರು. ಎಳ್ಳು ಬೆಲ್ಲದ ಬಟ್ಟಲು ಹಿಡಿದು ಶರಣವ್ವ ಮಗನ ಪಟದ ಮುಂದೆ ಬಂದಾಗ, ನೀರಿನಿಂದ ಮೇಲೆ ಚಾಚಿದ್ದ ಕಡ್ಡಿಗಳ ತುದಿ ಬಿಳಿಯಾಗಿತ್ತು. ಪರಾತಿನ ಅಂಚಿನವು ಒಣಗಿ, ತಮ್ಮಷ್ಟಕ್ಕೆ ಉದುರಿ, ಮೆತ್ತನೆಯ ಹುಡಿಯಾಗಿ ಕೂತಿದ್ದವು. ಅವಳು ಬಟ್ಟಲನ್ನು ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಒಳಗೆ ಶಿವಪುತ್ರಪ್ಪ ಸೊಸೆಗೆ ಏನನ್ನೋ ಉತ್ಸಾಹದಿಂದ ವಿವರಿಸುತ್ತಿದ್ದ. ಅವನ ದನಿ ಇಲ್ಲಿಯವರೆಗೂ ಕೇಳುತ್ತಿತ್ತು.

ಶರಣವ್ವ ಬಲಗೈಯ ಮೂರು ಬೆರಳನ್ನು ಹುಡಿಯ ಮೇಲೆ ಮೆಲ್ಲಗೆ ಒತ್ತಿದಳು. ಆಮೇಲೆ ಪಟದ ಗಾಜಿನ ಮೇಲೆ, ಹಣೆ ಇರುವಲ್ಲಿ, ಎಡದಿಂದ ಬಲಕ್ಕೆ ಎಳೆದಳು.